ಬಾಗಲಕೋಟೆಯ ‘ಬರ್ರಿ’, ಮಂಡ್ಯದ ‘ಕಣವ್ವ’

2019ರಲ್ಲಿ ಬ್ಯಾಂಕ್ ಕೆಲಸಕ್ಕೆ ಬಾಗಲಕೋಟೆಯಿಂದ ಮಂಡ್ಯಕ್ಕೆ ಬಂದೆ. ಎರಡೂ ಕಬ್ಬಿನ ಸೀಮೆ. ಎರಡೂ ಕಡೆ ಕನ್ನಡವೇ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಊರು. ಹೊಂದಿಕೊಳ್ಳುವುದು ಏನು ಮಹಾ ಅಂದುಕೊಂಡಿದ್ದೆ. ಮೊದಲ ನಾಲ್ಕು ತಿಂಗಳು ಎಷ್ಟೋ ರಾತ್ರಿ ಅತ್ತಿದ್ದೇನೆ.

ತೊಂದರೆ ಶುರುವಾಗಿದ್ದು ಕೌಂಟರ್‌ನಲ್ಲಿ. ಅಪ್ಪನ ವಯಸ್ಸಿನವರು ಬಂದು, “ಏನವ್ವಾ, ದುಡ್ಡು ಬಂದದಾ ಒಸಿ ನೋಡು” ಅನ್ನುತ್ತಿದ್ದರು. ನಮ್ಮ ಕಡೆ ಗುರುತಿಲ್ಲದವರ ಜೊತೆ ‘ರಿ’ ಹಚ್ಚದೆ ಮಾತಾಡುವುದಿಲ್ಲ. ಬ್ಯಾಂಕಿನಲ್ಲಿ ಕೂತ ಹೆಣ್ಣುಮಗಳಿಗೆ ‘ನೋಡು’ ಅಂತಾರಲ್ಲ ಅಂತ ಒಳಗೇ ಕುದಿಯುತ್ತಿದ್ದೆ. ಆದರೂ ಮರ್ಯಾದೆಯಿಂದಲೇ, “ಇನ್ನೂ ರೊಕ್ಕ ಬಂದಿಲ್ಲ, ನಾಳೆ ಬರ್ರಿ” ಅನ್ನುತ್ತಿದ್ದೆ. ಒಂದು ದಿನ ನಮ್ಮ ಅಟೆಂಡರ್ ಅಣ್ಣ ಪಕ್ಕಕ್ಕೆ ಕರೆದು, “ಮೇಡಂ, ನೀವು ಎಲ್ಲರ ಮೇಲೂ ರೇಗ್ತೀರಾ ಅಂತ ಹಳ್ಳಿಯವ್ರು ಬೇಜಾರು ಮಾಡ್ಕೊಂಡವ್ರೆ” ಅಂದರು. ಆ ‘ಬರ್ರಿ’ಯ ಒತ್ತು ಅವರ ಕಿವಿಗೆ ಗದರಿಸಿದ ಹಾಗೆ ಕೇಳಿಸಿತ್ತು. ಅವರ ‘ನೋಡು’ ಮನೆಮಗಳಿಗೆ ಹೇಳುವ ‘ನೋಡು’ ಅಂತ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆಮೇಲೆ ಒಂದು ತಪ್ಪು ಮಾಡಿದೆ. ಅವರ ಹಾಗೇ ‘ಹೂಂ ಕಣವ್ವಾ’ ಅನ್ನಲು ಹೋದೆ. ನನ್ನ ಬಾಯಲ್ಲಿ ಅದು ಅಣಕಿಸಿದ ಹಾಗಾಯಿತು. ಒಬ್ಬ ಅಜ್ಜಿಯ ಮುಖ ಸಣ್ಣದಾಗಿದ್ದು ಇನ್ನೂ ಕಣ್ಣ ಮುಂದಿದೆ. ಅವತ್ತೇ ಬಿಟ್ಟೆ. ಧಾಟಿ ನನ್ನದೇ ಇರಲಿ, ಪದ ಕಲಿಯೋಣ ಅಂತ ಡ್ರಾಯರ್‌ನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟೆ. ರೊಕ್ಕಕ್ಕೆ ದುಡ್ಡು, ಸಹಿಗೆ ರುಜು, ಕಿಸೆಗೆ ಜೇಬು, ಶೇಂಗಾಕ್ಕೆ ಕಡ್ಲೆಕಾಯಿ. ಮಾತು ನಿಧಾನ ಮಾಡಿದೆ. “ಊಟ ಆಯ್ತಾ?” ಅಂತ ಕೇಳಿ, ಆಮೇಲೆ ಪಾಸ್‌ಬುಕ್‌ಗೆ ಕೈ ಚಾಚುತ್ತಿದ್ದೆ.

ನಿಜವಾಗಿ ಹತ್ತಿರ ಮಾಡಿದ್ದು ನೀರು. ಮಳೆಗಾಲದಲ್ಲಿ ಮಂಡ್ಯದಲ್ಲಿ ಯಾರು ಎದುರಾದರೂ, “ಕಟ್ಟೆ ಎಷ್ಟಡಿ ಬಂತು?” ಅಂತಲೇ ಮಾತು ಶುರು. ಕಟ್ಟೆ ಅಂದರೆ ಕೆಆರ್‌ಎಸ್. ತುಂಬಿದರೆ 124.80 ಅಡಿ. ನಾಲೆಗೆ ನೀರು ಬಿಟ್ಟರೆ ನಾಟಿ. ಬಿಡದಿದ್ದರೆ ಮನೆಯ ಒಡವೆ ನಮ್ಮ ಕೌಂಟರ್‌ಗೆ ಬರುತ್ತದೆ. ಒಬ್ಬ ಹಿರಿಯರು, “ನಿಮ್ಮ ಕಡೆ ಕಟ್ಟೆ ಅದಾ?” ಅಂತ ಕೇಳಿದರು. ಆಲಮಟ್ಟಿ ಬಗ್ಗೆ ಹೇಳಿದೆ. ನಮ್ಮಲ್ಲಿ ಅಡಿಯಲ್ಲ, ಮೀಟರ್ ಲೆಕ್ಕ, ತುಂಬಿದರೆ 519.60. ಅದರ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಮನೆ ಹೋಯಿತು, ನವನಗರಕ್ಕೆ ಬಂದೆವು, ಅವ್ವ ಹಳೇ ಮನೆಯ ತಲಬಾಗಿಲು ಬಿಚ್ಚಿಸಿ ಹೊಸ ಮನೆಗೆ ಕೂರಿಸಿದಳು ಅಂತಲೂ ಹೇಳಿದೆ. ಅವರು ರುಜು ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. “ಕನ್ನಂಬಾಡಿ ಊರೂ ಹಂಗೇ ಮುಳುಗ್ತು ಕಣವ್ವ. ಆ ಊರು ಹೋಗಿ ನಮ್ಗೆ ಅನ್ನ ಆಯ್ತು” ಅಂದರು. ಹಿಂದೆ ಸಾಲಿನಲ್ಲಿ ನಿಂತವರು ಯಾರೂ ಅವಸರ ಮಾಡಲಿಲ್ಲ.

ಅಲ್ಲಿಂದ ಮುಂದೆ ಅವರು ಬಂದಾಗಲೆಲ್ಲ, “ಆಲಮಟ್ಟಿ ಎಷ್ಟಾಯ್ತವ್ವಾ?” ಅಂತ ಕೇಳುತ್ತಾರೆ. ಹೇಳಲು ಬರಬೇಕಲ್ವಾ, ಬೆಳಗ್ಗೆ ಪೇಪರ್‌ನಲ್ಲಿ ಎರಡೂ ಕಟ್ಟೆಯ ಲೆಕ್ಕ ನೋಡಿಕೊಂಡೇ ಹೊರಡುತ್ತೇನೆ.

ಊಟದ್ದು ಅಷ್ಟು ಕಷ್ಟ ಆಗಲಿಲ್ಲ. ಮುದ್ದೆ ಅಗಿದರೆ ಹಲ್ಲಿಗೆ ಅಂಟುತ್ತದೆ, ಸಾರಿನಲ್ಲಿ ಹೊರಳಿಸಿ ನುಂಗಬೇಕು, ಅಷ್ಟೇ. ಜೋಳದ ಹಿಟ್ಟು ಮಾತ್ರ ಇವತ್ತಿಗೂ ಊರಿಂದಲೇ ತರುತ್ತೇನೆ. ಹಿಟ್ಟು ಹಳೆಯದಾದರೆ ತಟ್ಟುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಹೊಸ ಹಿಟ್ಟು ಬಂದ ದಿನ ರೊಟ್ಟಿ ಬಡಿಯುವ ಸದ್ದು ಕೇಳಿ ಮನೆ ಓನರ್ ಅಮ್ಮ ಮೇಲೆ ಬರುತ್ತಾರೆ, ಕೈಯಲ್ಲಿ ಉಪ್ಸಾರಿನ ಖಾರದ ಬಟ್ಟಲು ಹಿಡಿದುಕೊಂಡು.