ಸತು ಕಡಿಮೆ ಎಂದು ರಿಪೋರ್ಟ್ ಬಂದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ

ಹಾಸನದ ಲ್ಯಾಬೊಂದರಲ್ಲಿ 19 ವರ್ಷಗಳಿಂದ ರಕ್ತ ತೆಗೆಯುತ್ತಿದ್ದೇನೆ. ಹಾಗಿದ್ದೂ ಮೂತ್ರ ಪರೀಕ್ಷೆ ಮಾಡಿಸದೆ ಸತುವಿನ ಮಾತ್ರೆ ನುಂಗುವ ತಪ್ಪು ನಮ್ಮ ಮನೆಯಲ್ಲೇ ನಡೆಯಿತು. ಮಾವನವರಿಗೆ ಸಕ್ಕರೆ ಕಾಯಿಲೆ ಬಂದು 16 ವರ್ಷ. ಬಾಯಿಗೆ ರುಚಿಯಿಲ್ಲ, ಸುಸ್ತು ಎನ್ನುತ್ತಿದ್ದರು. ಪರೀಕ್ಷಿಸಿದಾಗ ಸತು, ಅಂದರೆ ಜಿಂಕ್, 52 ಬಂತು. ಸಾಮಾನ್ಯವಾಗಿ 70ರಿಂದ 120 ಇರಬೇಕು. ಔಷಧಿ ಅಂಗಡಿಯಿಂದ 50 ಮಿಲಿಗ್ರಾಂ ಮಾತ್ರೆ ತಂದು ಎಂಟು ತಿಂಗಳು ನುಂಗಿದರು. ಒಂದು ಸಂಜೆ ಅವರು ಕಾಲುಚೀಲ ಕಳಚಿದಾಗ ಕಣಕಾಲಿನ ಸುತ್ತ ಪಟ್ಟಿಯ ಗುರುತು ಹಗ್ಗ ಬಿಗಿದಂತೆ ಆಳವಾಗಿ ಕೂತಿತ್ತು. ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು, ಬೇಗ ತುಂಬಲಿಲ್ಲ. ಮರುದಿನ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಅಂದರೆ ಕಿಡ್ನಿಯಿಂದ ಪ್ರೊಟೀನ್ ಎಷ್ಟು ಸೋರುತ್ತಿದೆ ಎಂಬ ಅಳತೆ, ನೋಡಿದರೆ 2,600. ಅದು 30ರ ಒಳಗಿರಬೇಕು.

ರಕ್ತದ ದ್ರವಭಾಗದಲ್ಲಿರುವ ಸತುವಿನ ಬಹುಪಾಲು ಅಲ್ಬುಮಿನ್ ಎಂಬ ಪ್ರೊಟೀನಿಗೆ ಅಂಟಿಕೊಂಡು ಓಡಾಡುತ್ತದೆ. ಕಿಡ್ನಿಯ ಜರಡಿ ಸಡಿಲವಾಗಿ ಅಲ್ಬುಮಿನ್ ಸೋರಿದರೆ ಅದರ ಬೆನ್ನಿಗೆ ಸತುವೂ ಹೋಗುತ್ತದೆ. ಶುಗರ್ ಏರಿ ಮೂತ್ರ ಹೆಚ್ಚಾದಾಗಲೂ ಸತು, ಮೆಗ್ನೀಸಿಯಂ ಎರಡೂ ಕೊಚ್ಚಿಹೋಗುತ್ತವೆ. ತೂತುಬಿದ್ದ ಕೊಡಕ್ಕೆ ನಾವು ನೀರು ತುಂಬುತ್ತಿದ್ದೆವು.

ಆದ್ದರಿಂದ ಖನಿಜದ ಪರೀಕ್ಷೆಗೆ ಹಣ ಕೊಡುವ ಮೊದಲು ಈ ಮೂತ್ರ ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ 'ಎಸಿಆರ್' ಎಂದು ಕೇಳಿದರೆ ಸಾಕು. ಟೈಪ್ 2 ಮಧುಮೇಹಿಗಳಿಗೆ ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಆಗಬೇಕಾದ ಪರೀಕ್ಷೆ ಇದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಮೊದಲ ಧಾರೆ ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಜ್ವರ, ಮೂತ್ರದ ಸೋಂಕು ಇದ್ದಾಗ ಅಥವಾ ಹಿಂದಿನ ದಿನ ಮೈಮುರಿದು ದುಡಿದಿದ್ದರೆ ಬೇಡ, ಅಂಕಿ ಸುಳ್ಳಾಗಿ ಏರುತ್ತದೆ. ಒಮ್ಮೆ ಹೆಚ್ಚು ಬಂದರೆ ಗಾಬರಿಯಾಗಬೇಡಿ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ಪರೀಕ್ಷಿಸಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಸೋರಿಕೆ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ಸತುವಿಗೆ ರಕ್ತ ಕೊಡುವುದಾದರೆ ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆಯೇ ಬನ್ನಿ, ಊಟದ ನಂತರ ಅದು ಇಳಿಯುತ್ತದೆ. ಇದಕ್ಕೆ ಕಡು ನೀಲಿ ಮುಚ್ಚಳದ ವಿಶೇಷ ಟ್ಯೂಬ್ ಬೇಕು. ಸಾಮಾನ್ಯ ಟ್ಯೂಬಿನ ರಬ್ಬರಿನಿಂದಲೂ ಸತು ಬೆರೆಯಬಹುದು. ಯಾವ ಟ್ಯೂಬ್ ಎಂದು ಕೇಳಲು ಸಂಕೋಚ ಬೇಡ, ನನ್ನನ್ನು ಕೇಳಿದವರ ಮೇಲೆ ನನಗೆ ಗೌರವ ಹೆಚ್ಚುತ್ತದೆ. ತೋಳಿನ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೂ, ರಕ್ತಕಣ ಒಡೆದರೂ ಅಂಕಿ ಏರುಪೇರಾಗುತ್ತದೆ. ಅದೇ ಸೂಜಿಯಲ್ಲಿ ಅಲ್ಬುಮಿನ್, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಕೂಡ ನೋಡಿಸಿ. ಅಲ್ಬುಮಿನ್ ಕಡಿಮೆಯಿದ್ದರೆ ಸತು ಕಡಿಮೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಮಾತ್ರೆಯ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಸತುವೇ ಗರಿಷ್ಠ ಮಿತಿ. ತಿಂಗಳುಗಟ್ಟಲೆ ಅದನ್ನು ದಾಟಿದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದು ಕುಗ್ಗುತ್ತದೆ. ತಾಮ್ರ ಇಳಿದರೆ ರಕ್ತಹೀನತೆ ಬರುತ್ತದೆ, ಪಾದ ಜೋಮು ಹಿಡಿಯುತ್ತದೆ. ಆ ಜೋಮನ್ನು ನಾವು ಶುಗರಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಮೆಗ್ನೀಸಿಯಂ ಕಥೆ ಇನ್ನೂ ಸೂಕ್ಷ್ಮ: ಕಾಯಿಲೆಯ ಆರಂಭದಲ್ಲಿ ಅದು ಸೋರಿಹೋಗುತ್ತದೆ, ಆದರೆ ರಿಪೋರ್ಟಿನಲ್ಲಿ ಇಜಿಎಫ್ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂಕಿ) 30ಕ್ಕಿಂತ ಕೆಳಗಿಳಿದರೆ ಹೊರಹೋಗಲಾರದೆ ಮೈಯಲ್ಲೇ ಉಳಿಯುತ್ತದೆ. ಎದೆಯುರಿಗೆ ಕುಡಿಯುವ ಬಿಳಿ ಔಷಧಿ, ಮಲಬದ್ಧತೆಯ ಔಷಧಿ ಹಲವದರಲ್ಲಿ ಮೆಗ್ನೀಸಿಯಂ ಇರುತ್ತದೆ. ಬಾಟಲಿಯನ್ನೇ ವೈದ್ಯರಿಗೆ ತೋರಿಸಿ. 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಸೋತವರ ಅಡುಗೆಗೆ ಅದನ್ನು ತರಲೇಬೇಡಿ.

ಊಟದಲ್ಲಿ ನಾನು ಬದಲಿಸಿದ್ದು ಒಂದೇ, ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸುವುದು. ಮೊಳಕೆಯೊಡೆದಾಗ ಸತುವನ್ನು ಹಿಡಿದಿಡುವ ಫೈಟೇಟ್ ಅಂಶ ಇಳಿಯುತ್ತದೆ. ಎಷ್ಟು ಮುದ್ದೆ, ಎಷ್ಟು ಬೇಳೆ ಎಂಬುದನ್ನು ಆಹಾರ ತಜ್ಞರು ಮಾವನವರ ಕ್ರಿಯಾಟಿನಿನ್ ನೋಡಿ ಬರೆದುಕೊಟ್ಟಿದ್ದಾರೆ.

ವೈದ್ಯರು ಸತುವಿನ ಮಾತ್ರೆ ನಿಲ್ಲಿಸಿದರು, ಪ್ರೊಟೀನ್ ಸೋರಿಕೆ ತಗ್ಗಿಸುವ ರಕ್ತದೊತ್ತಡದ ಮಾತ್ರೆ ಕೊಟ್ಟರು, ಶುಗರ್ ಬಿಗಿಮಾಡಿದರು. ಕಳೆದ ಎಸಿಆರ್ 900. ಈಗಲೂ ಸಂಜೆ ಮಾವನವರು ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚುತ್ತಾರೆ. ಕಾಲುಚೀಲದ ಗುರುತು ಎಷ್ಟಿದೆ ಎಂದು ನಾನು ಒತ್ತಿ ನೋಡುತ್ತೇನೆ.