ಟರ್ಬೊ ಹೋಯ್ತು ಅನ್ನೋ ಮುಂಚೆ ಪೈಪು ನೋಡಿ

ಗಾಡಿ ಎಳೀತಿಲ್ಲ ಅಂತ ಬರೋರಲ್ಲಿ ಅರ್ಧ ಜನ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಪಂಪು) ಹೋಗಿದೆ ಅಂತ ತಾವೇ ತೀರ್ಮಾನ ಮಾಡಿಕೊಂಡು ಬಂದಿರ್ತಾರೆ. ನಾನು ಮೊದಲು ಕೈ ಹಾಕೋದು ಇಂಟರ್‌ಕೂಲರ್ ಹೋಸಿಗೆ, ಅಂದರೆ ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡೋ ಭಾಗದ ಪೈಪಿಗೆ. ಎಂಜಿನ್ ತಣ್ಣಗಿರುವಾಗ ಹೋಸಿನ ಅಡಿಭಾಗ, ಕ್ಲಿಪ್ಪಿನ ಪಕ್ಕ ಬೆರಳಾಡಿಸಿ. ಸೀಳಿದ ಕಡೆ ಜಿಡ್ಡಿಗೆ ಧೂಳು ಮೆತ್ತಿಕೊಂಡು ಕಪ್ಪಗಿರುತ್ತೆ. ಆಕ್ಸಿಲರೇಟರ್ ಒತ್ತಿದಾಗ ಬುಸ್ಸೆನ್ನುವ ಸದ್ದು, ಡೀಸೆಲ್ ಆದರೆ ಜೊತೆಗೆ ಕರಿಹೊಗೆ: ಎರಡೂ ಗಾಳಿ ಸೋರೋ ಲಕ್ಷಣ. ಸ್ಕ್ಯಾನರಿನಲ್ಲಿ ಪಿ0299 ಅನ್ನೋ ದೋಷದ ಕೋಡ್ ಬಂದರೂ ಅಷ್ಟೇ, ಒತ್ತಡ ಸಾಲದು ಅನ್ನುತ್ತೆ, ಯಾಕೆ ಅಂತ ಹೇಳಲ್ಲ. ಟರ್ಬೊ ಒತ್ತಡ ಹತೋಟಿಯಲ್ಲಿಡೋ ಆಕ್ಚುಯೇಟರಿನ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿದ್ದರೂ ಅದೇ ಕೋಡ್ ಬರಬಹುದು.

ಆಮೇಲೆ ಟರ್ಬೊ. ಗಾಳಿ ಪೈಪು ಬಿಚ್ಚಿ, ರೆಕ್ಕೆ ಕೂತಿರೋ ಶಾಫ್ಟಿನ ತುದಿಯ ನಟ್ಟು ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಡಿದರೆ ಗಾಬರಿ ಬೇಡ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟು ಎಣ್ಣೆಯ ಪದರದ ಮೇಲೆ ತೇಲಬೇಕು, ಅದಕ್ಕೆ ಸಂದು ಬೇಕು. ಹಿಂದೆಮುಂದೆ ಆಟ ಕೈಗೆ ಗೊತ್ತಾದರೆ, ಇಲ್ಲಾ ರೆಕ್ಕೆ ಕವಚಕ್ಕೆ ಉಜ್ಜಿದ ಗೆರೆ ಕಂಡರೆ ಟರ್ಬೊ ಇಳಿಸಲೇಬೇಕು. ಪೈಪಿನೊಳಗೆ ತೆಳ್ಳಗೆ ಎಣ್ಣೆ ಸವರಿದಂತಿದ್ದರೆ ಬಿಡಿ, ಎಂಜಿನ್ ಒಳಗಿನ ಆವಿ ಹೊರಬಿಡೋ ಬ್ರೀದರಿನಿಂದ ಅಷ್ಟು ಬಂದೇ ಬರುತ್ತೆ. ಎಣ್ಣೆ ಪೈಪಿನಲ್ಲಿ ಮಡುಗಟ್ಟಿ ನಿಂತಿದ್ದರೆ, ಜೊತೆಗೆ ನೀಲಿಹೊಗೆಯೂ ಇದ್ದರೆ, ಗಾಡಿ ಓಡಿಸಬೇಡಿ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಕುಡಿದು ಕೀ ತೆಗೆದರೂ ನಿಲ್ಲದೆ ಓಡಿದ್ದುಂಟು.

ಒಮ್ಮೆ ಬೇರೆ ಕಡೆ ಎರಡು ಸಲ ಹೊಸ ಟರ್ಬೊ ಹಾಕಿಸಿಕೊಂಡ ಗಾಡಿ ನನ್ನ ಹತ್ತಿರ ಬಂತು. ಎಣ್ಣೆ ಬರೋ ಸಣ್ಣ ಪೈಪು ಬಿಚ್ಚಿ ಬೆಳಕಿಗೆ ಹಿಡಿದೆ: ಸೂಜಿ ತೂರುವಷ್ಟೇ ಜಾಗ, ಉಳಿದದ್ದೆಲ್ಲ ಸುಟ್ಟು ಗಟ್ಟಿಯಾದ ಎಣ್ಣೆಯ ಕಿಟ್ಟ. ಎರಡು ಟರ್ಬೊವೂ ಎಣ್ಣೆಯಿಲ್ಲದೆ ಸತ್ತಿದ್ದವು. ಆ ಪೈಪನ್ನು ತೊಳೆಯೋ ಬದಲು ಹೊಸದನ್ನೇ ಹಾಕಿ. ಗ್ಯಾಸ್ಕೆಟ್ ಇರೋ ಜಾಗದಲ್ಲಿ ಸೀಲೆಂಟ್ ಅಂಟು ಬಳಿಯಬೇಡಿ, ಒಳಗೆ ಉದುರಿ ಎಣ್ಣೆ ದಾರಿ ಕಟ್ಟುತ್ತೆ.

ಕಿಟ್ಟ ಕಟ್ಟೋದು ಹಳೇ ಎಣ್ಣೆಯಿಂದ, ಮತ್ತೆ ಜೋರಾಗಿ ಓಡಿಸಿ ಬಂದು ತಟ್ಟನೆ ಆಫ್ ಮಾಡೋದರಿಂದ. ಘಾಟಿ ಹತ್ತಿ ಬಂದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಊರೊಳಗೆ ಮೆಲ್ಲಗೆ ಬಂದಿದ್ದರೆ ಅದೂ ಬೇಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಕೊಡಬೇಡಿ. ಎಣ್ಣೆ ಯಾವುದು, ಎಷ್ಟು ಕಿಲೋಮೀಟರಿಗೆ ಅನ್ನೋದಕ್ಕೆ ಗಾಡಿಯ ಪುಸ್ತಕ ನೋಡಿ.

ಹೊಸ ಟರ್ಬೊ ಕೂರಿಸುವಾಗ ಅದರ ಎಣ್ಣೆ ತೂತಿಗೆ ಹೊಸ ಎಣ್ಣೆ ಸುರಿದು ಶಾಫ್ಟನ್ನು ಕೈಯಲ್ಲೇ ತಿರುಗಿಸಿ, ಆಮೇಲೆ ಪೈಪು ಬಿಗಿಯಿರಿ.