ಪೀಪಾಯಿಯೊಳಗಿನ ಪತ್ರ: ಟ್ಯೂಡರ್ ಕಾಲದ ಪ್ರೇಮ-ಗೂಢಚರ್ಯೆಯ ಕಾದಂಬರಿ ಬರೆದ ಅನುಭವ

ಹಸ್ತಪ್ರತಿ ಓದಿದ ಗೆಳೆಯರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: ಪ್ರೇಮಕಥೆಯಲ್ಲಿ ಬಿಯರ್ ಪೀಪಾಯಿಗೇನು ಕೆಲಸ? ನನ್ನ ಕಾದಂಬರಿ ನಿಂತಿರುವುದೇ ಆ ಪೀಪಾಯಿಯ ಮೇಲೆ.

ಸ್ಕಾಟ್ಲೆಂಡಿನ ರಾಣಿ ಮೇರಿ ಕ್ಯಾಥೊಲಿಕ್, ಇಂಗ್ಲೆಂಡಿನ ಸಿಂಹಾಸನಕ್ಕೂ ಹಕ್ಕುದಾರಳು. 1568ರಲ್ಲಿ ಆಶ್ರಯ ಕೇಳಿಕೊಂಡು ಇಂಗ್ಲೆಂಡಿಗೆ ಬಂದವಳು, ಅಲ್ಲಿನ ಪ್ರಾಟೆಸ್ಟಂಟ್ ರಾಣಿ ಎಲಿಜಬೆತ್‌ಳ ಸೆರೆಯಾಳಾಗಿ ಉಳಿದುಬಿಟ್ಟಳು. 1585ರ ಡಿಸೆಂಬರ್‌ನಲ್ಲಿ ಅವಳನ್ನು ಸ್ಟಾಫರ್ಡ್‌ಶೈರಿನ ಚಾರ್ಟ್ಲಿಗೆ ಸಾಗಿಸಿದರು. ಕಾವಲಿಗಿದ್ದವನು ಸರ್ ಅಮಿಯಸ್ ಪೌಲೆಟ್, ಮಹಾ ಕಟ್ಟುನಿಟ್ಟಿನ ಮನುಷ್ಯ. ಮೇರಿಗೆ ಹೊರಗಿನಿಂದ ಬರುವ ಕಾಗದ ಪತ್ರಗಳೆಲ್ಲ ನಿಂತುಹೋದವು. ಆಗ ಗಿಲ್ಬರ್ಟ್ ಗಿಫರ್ಡ್ ಎಂಬ ಕ್ಯಾಥೊಲಿಕ್ ಯುವಕ ಒಂದು ಗುಟ್ಟಿನ ದಾರಿ ತೋರಿಸಿದ. ಬರ್ಟನ್ ಊರಿಂದ ಬಿಯರ್ ತರುವವನ ಪೀಪಾಯಿಯಲ್ಲಿ, ಬಿರಡೆಯ ತೂತಿನಿಂದ ಇಳಿಬಿಟ್ಟ ಸಣ್ಣ ಚೀಲದೊಳಗೆ ಪತ್ರಗಳು ಒಳಗೆ ಬರುತ್ತಿದ್ದವು, ಖಾಲಿ ಪೀಪಾಯಿಯಲ್ಲಿ ಹೊರಗೆ ಹೋಗುತ್ತಿದ್ದವು. ಮೇರಿಗೆ ಹೋದ ಜೀವ ಬಂದಂತಾಯಿತು. ಆದರೆ ಆ ಗಿಫರ್ಡ್ ಎಲಿಜಬೆತ್‌ಳ ಕಾರ್ಯದರ್ಶಿ ಸರ್ ಫ್ರಾನ್ಸಿಸ್ ವಾಲ್ಸಿಂಗ್‌ಹ್ಯಾಮ್‌ನ ಕಡೆಯವನು. ಒಂದೊಂದು ಪತ್ರವೂ ಥಾಮಸ್ ಫೆಲಿಪ್ಸ್ ಎಂಬ ಸಂಕೇತಲಿಪಿ ಬಿಡಿಸುವವನ ಮೇಜು ಹಾದೇ ಮುಂದೆ ಹೋಗುತ್ತಿತ್ತು. ಬಿಯರಿನವನು ಎರಡೂ ಕಡೆಯಿಂದ ಹಣ ತಿಂದ, ಸಾಲದೆಂದು ಬಿಯರಿನ ಬೆಲೆಯನ್ನೂ ಏರಿಸಿದ. ಪೌಲೆಟ್ ತನ್ನ ಪತ್ರಗಳಲ್ಲಿ ಅವನನ್ನು ‘ಪ್ರಾಮಾಣಿಕ ಮನುಷ್ಯ’ ಎಂದೇ ಕರೆಯುತ್ತಾನೆ.

ಹದಿನಾರನೇ ಶತಮಾನದ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಮನೆತನದ ಆಸ್ಥಾನ ಅಂದರೆ ಎಲ್ಲರ ಮನಸ್ಸೂ ಎಲಿಜಬೆತ್‌ಳ ತಂದೆತಾಯಿ ಎಂಟನೇ ಹೆನ್ರಿ ಮತ್ತು ಆನ್ ಬೊಲಿನ್ ಕಡೆಗೆ ಹೋಗುತ್ತದೆ. ನನಗೆ ರಾಜ-ರಾಣಿಯರ ಪ್ರೇಮ ಬೇಕಿರಲಿಲ್ಲ. ಅವರ ಕಥೆಯ ಕೊನೆ ಓದುಗರಿಗೆ ಮೊದಲೇ ಗೊತ್ತಿರುತ್ತದೆ, ಬರೆಯುವವರ ಕೈ ಕಟ್ಟಿಹಾಕಿದಂತಾಗುತ್ತದೆ. ನಾನು ಇಬ್ಬರು ಸಣ್ಣ ಮನುಷ್ಯರನ್ನು ಹಿಡಿದೆ. ಫೆಲಿಪ್ಸ್‌ನ ಕೈಕೆಳಗೆ ನಕಲು ತೆಗೆಯುವ ಒಬ್ಬ ಗುಮಾಸ್ತ, ಚಾರ್ಟ್ಲಿಯಲ್ಲಿ ಮೇರಿಯ ಬಟ್ಟೆ ಹೊಲಿಯುವ ಒಬ್ಬ ಫ್ರೆಂಚ್ ಹುಡುಗಿ. ಇಬ್ಬರೂ ನನ್ನ ಕಲ್ಪನೆಯವರು. ರಾಣಿಯ ಪತ್ರಗಳ ಜೊತೆಗೆ ಆ ಹುಡುಗಿಯ ಮನೆಯಿಂದ ಬರುವ ಚೀಟಿಯೂ ಚೀಲದಲ್ಲಿರುತ್ತದೆ. ಅವಳ ತಾಯಿಗೆ ಕಾಯಿಲೆ ಎಂಬ ಸುದ್ದಿ ಅವಳಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಅವಳನ್ನು ಕಣ್ಣಾರೆ ಕಾಣುವ ಮೊದಲೇ ಅವಳ ಅಕ್ಷರ, ಅವಳ ಸಾಲ, ಅವಳ ತಮ್ಮನ ಹೆಸರು ಎಲ್ಲ ಅವನಿಗೆ ತಿಳಿದಿದೆ. ಕಳ್ಳತನದಲ್ಲಿ ಓದಿದ್ದರಿಂದ ಹುಟ್ಟಿದ ಪ್ರೀತಿ ಅದು. ಈ ಎಳೆ ಸಿಕ್ಕಿದ ಮೇಲೆ ಪ್ರೇಮ ಒಂದು ಕಡೆ, ಗೂಢಚರ್ಯೆ ಒಂದು ಕಡೆ ಎಂದು ಎರಡು ಕಥೆ ಹೊಲಿಯುವ ಕೆಲಸವೇ ಉಳಿಯಲಿಲ್ಲ. ಒಂದೇ ಕಾಗದ ಎರಡನ್ನೂ ಹೊತ್ತು ತರುತ್ತಿತ್ತು.

ಹಾಗಾಗಿ ನನ್ನ ಮೊದಲ ಕೆಲಸ ಆ ಕಾಗದವನ್ನು ಕೈಯಾರೆ ತಿಳಿದುಕೊಳ್ಳುವುದಾಯಿತು. ಆ ಕಾಲದಲ್ಲಿ ಲಕೋಟೆ ಇರಲಿಲ್ಲ. ಪತ್ರವನ್ನು ಅದರದೇ ಹಾಳೆಯಿಂದ ಬೀಗ ಹಾಕುತ್ತಿದ್ದರು. ಹಾಳೆಯ ಅಂಚಿನಲ್ಲಿ ಒಂದು ಸಪೂರ ಪಟ್ಟಿ ಕತ್ತರಿಸಬೇಕು, ಒಂದು ತುದಿ ಮಾತ್ರ ಹಾಳೆಗೆ ಅಂಟಿಕೊಂಡೇ ಇರಬೇಕು. ಆಮೇಲೆ ಹಾಳೆಯನ್ನು ಮಡಚಿ ಮಡಚಿ ಸಣ್ಣ ಕಟ್ಟು ಮಾಡಿ, ಚಾಕುವಿನ ಮೊನೆಯಿಂದ ಎಲ್ಲ ಪದರಗಳನ್ನೂ ಹಾಯುವಂತೆ ಸೀಳಿ, ಆ ಪಟ್ಟಿಯನ್ನು ಸೀಳಿನೊಳಗೆ ತೂರಿಸಿ ಆಚೆ ಎಳೆಯಬೇಕು. ಪಕ್ಕದಲ್ಲಿ ಇನ್ನೊಂದು ಸೀಳು, ಮತ್ತೆ ಪಟ್ಟಿ ಒಳಗೆ, ಮತ್ತೆ ಹೊರಗೆ. ಎಲ್ಲ ಮುಗಿದ ಮೇಲೆ ಪಟ್ಟಿಯನ್ನು ಹರಿಯದೆ ಪತ್ರ ತೆರೆಯಲು ಬರುವುದಿಲ್ಲ. ಮಾಮೂಲಿ ಪ್ರಿಂಟರ್ ಹಾಳೆ ಇದಕ್ಕೆ ಒಗ್ಗುವುದಿಲ್ಲ, ಮಡಿಕೆಯಲ್ಲೇ ಸೀಳುತ್ತದೆ. ಹತ್ತಿ ಬಟ್ಟೆಯ ಚೂರಿನಿಂದ ಕೈಯಲ್ಲಿ ಮಾಡಿದ ಕಾಗದ ತನ್ನಿ, ಆಗ ಬೆರಳಿಗೆ ಗೊತ್ತಾಗುತ್ತದೆ. 1587ರ ಫೆಬ್ರವರಿ 8ರಂದು, ತಲೆ ಕಡಿಸಿಕೊಳ್ಳುವ ದಿನ, ಬೆಳಗಿನ ಜಾವ ಎರಡು ಗಂಟೆಗೆ ಮೇರಿ ತನ್ನ ಮೈದುನ, ಫ್ರಾನ್ಸಿನ ಮೂರನೇ ಹೆನ್ರಿಗೆ ಬರೆದ ಕೊನೆಯ ಪತ್ರಕ್ಕೆ ಇಂಥದೇ ಬೀಗವಿತ್ತು. ಆ ಹೊತ್ತಿನಲ್ಲಿ ಆ ಕೈಗಳು ಇಷ್ಟು ನಾಜೂಕಿನ ಕೆಲಸ ಮಾಡಿದವು ಎಂಬುದು ಸ್ವತಃ ಮಡಚಿ ನೋಡುವವರೆಗೆ ನನಗೆ ಮೈಗೆ ಹತ್ತಿರಲಿಲ್ಲ.

ವಾಲ್ಸಿಂಗ್‌ಹ್ಯಾಮ್‌ನ ಬಳಿ ಆರ್ಥರ್ ಗ್ರೆಗರಿ ಎಂಬವನಿದ್ದ. ಅರಗಿನ ಮುದ್ರೆ ಎಬ್ಬಿಸಿ, ಓದಿದ್ದು ಗೊತ್ತಾಗದ ಹಾಗೆ ಮತ್ತೆ ಕೂರಿಸುವುದರಲ್ಲಿ ಪಳಗಿದ ಕೈ. ನನ್ನ ಗುಮಾಸ್ತ ಅವನಿಂದ ಕಲಿಯುತ್ತಾನೆ. ಮುಂದೆ ತನ್ನದೇ ಪ್ರೇಮಪತ್ರವನ್ನು ಅದೇ ಚೀಲಕ್ಕೆ ಸೇರಿಸುವುದೂ ಆ ವಿದ್ಯೆಯಿಂದಲೇ.

ಗುಪ್ತ ಶಾಯಿಯ ವಿಷಯಕ್ಕೆ ಬಂದರೆ, ನಿಂಬೆರಸವನ್ನು ಎಲ್ಲರೂ ಬರೆದಿದ್ದಾರೆ. ಮೇರಿ ಹೇಳಿದ್ದು ಸ್ಫಟಿಕ, ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಫ್ರೆಂಚ್ ರಾಯಭಾರಿಗೆ ಬರೆದ ಪತ್ರದಲ್ಲಿ ಅವಳು ವಿಧಾನವನ್ನೇ ವಿವರಿಸುತ್ತಾಳೆ: ಹಿಂದಿನ ದಿನವೇ ಸ್ಫಟಿಕವನ್ನು ತುಸು ನೀರಿನಲ್ಲಿ ಕರಗಿಸಿಡಬೇಕು, ಓದುವಾಗ ಕಾಗದವನ್ನು ನೀರಿನಲ್ಲಿ ಅದ್ದಬೇಕು, ಅಕ್ಷರ ಬೆಳ್ಳಗೆ ಏಳುತ್ತದೆ, ಕಾಗದ ಒಣಗುವವರೆಗೆ ಓದಬಹುದು. ಇದನ್ನು ಓದಿದ ಕೂಡಲೇ ನನ್ನ ಕಾದಂಬರಿಯ ನಡುವಿನ ದೃಶ್ಯ ತಾನಾಗಿ ಬಂದು ಕೂತಿತು. ಹುಡುಗಿ ಬಟ್ಟೆ ನೆನೆಹಾಕುವ ಬೋಗುಣಿಯಲ್ಲಿ ಕಾಗದ ಅದ್ದುತ್ತಾಳೆ. ಸಾಲುಗಳು ಏಳುತ್ತವೆ. ಪಡಸಾಲೆಯಲ್ಲಿ ಹೆಜ್ಜೆ ಸಪ್ಪಳ. ಕಾಗದ ಎತ್ತಿ ಹೊಲಿಯುತ್ತಿದ್ದ ಬಟ್ಟೆಯಡಿ ಇಡಬೇಕು, ಇಟ್ಟರೆ ಒಣಗುತ್ತದೆ, ಒಣಗಿದರೆ ಉಳಿದ ಸಾಲು ಹೋಗುತ್ತದೆ. ಅವನ ಹೆಸರಿರುವುದು ಕೊನೆಯ ಸಾಲಿನಲ್ಲಿ. ನಾಲ್ಕು ಪುಟದ ಆ ದೃಶ್ಯದಲ್ಲಿ ಪ್ರೀತಿ ಎಂಬ ಮಾತನ್ನು ನಾನು ಒಮ್ಮೆಯೂ ಬಳಸಿಲ್ಲ, ಬೇಕಾಗಲೂ ಇಲ್ಲ.

ಆ ಕಾಲದ ಪ್ರೇಮ ಬರೆಯುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ, ಅಲ್ಲಿ ಏಕಾಂತ ಎಂಬುದೇ ಇರಲಿಲ್ಲ. ಹೆಂಗಸಿನ ಉಡುಪೇ ಅದಕ್ಕೆ ಸಾಕ್ಷಿ. ತೋಳು ಬೇರೆ ತುಂಡು, ಎದೆಯ ಭಾಗ ಬೇರೆ, ಒಂದನ್ನು ಲಾಡಿಯಿಂದ ಕಟ್ಟಬೇಕು, ಇನ್ನೊಂದಕ್ಕೆ ಸಾಲಾಗಿ ಗುಂಡುಸೂಜಿ ಚುಚ್ಚಬೇಕು. ಶ್ರೀಮಂತ ಹೆಂಗಸು ಒಬ್ಬಳೇ ಉಟ್ಟುಕೊಳ್ಳಲಾರಳು, ಒಬ್ಬಳೇ ಬಿಚ್ಚಲಾರಳು. ಅಂದಮೇಲೆ ಗುಟ್ಟಿನ ಭೇಟಿಗೆ ಮೂರನೆಯವಳೊಬ್ಬಳು ಬೇಕೇ ಬೇಕು, ಗುಟ್ಟು ಅವಳ ಕೈಯಲ್ಲಿ. ಎಲಿಜಬೆತ್ ಮಲಗುವ ಕೋಣೆಯಲ್ಲೂ ಊಳಿಗದ ಹೆಂಗಸೊಬ್ಬಳು ಮಲಗುತ್ತಿದ್ದಳು. ಆಸ್ಥಾನದ ಸಖಿಯರು ರಾಣಿಯ ಒಪ್ಪಿಗೆಯಿಲ್ಲದೆ ಮದುವೆಯಾಗುವಂತಿರಲಿಲ್ಲ.

ಇದರ ಬೆಲೆ ಎಷ್ಟೆಂದು ತಿಳಿಯಲು ಕ್ಯಾಥರೀನ್ ಗ್ರೇಯ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದಿದೆ. ಸಿಂಹಾಸನಕ್ಕೆ ಹತ್ತಿರದ ಹಕ್ಕುದಾರಳು ಅವಳು. 1560ರ ಡಿಸೆಂಬರ್‌ನಲ್ಲಿ ರಾಣಿ ಬೇಟೆಗೆ ಹೊರಟಾಗ ಹಲ್ಲುನೋವೆಂದು ನೆಪ ಹೇಳಿ ಅರಮನೆಯಲ್ಲಿ ಉಳಿದಳು. ಗೆಳತಿ ಜೇನ್ ಸೀಮೋರ್ ಜೊತೆಗೆ ನದಿಯ ದಂಡೆ ಹಿಡಿದು ನಡೆದು, ಜೇನ್‌ಳ ಅಣ್ಣ ಎಡ್ವರ್ಡ್ ಸೀಮೋರ್‌ನ ಮನೆ ಸೇರಿ ಅವನನ್ನು ಮದುವೆಯಾದಳು. ಸಾಕ್ಷಿ ಆ ಗೆಳತಿಯೊಬ್ಬಳೇ. ಅವಳು ಮರುವರ್ಷ ತೀರಿಕೊಂಡಳು. ಪಾದ್ರಿ ಯಾರೆಂದು ಹೇಳಲು ಇವರಿಗೆ ಆಗಲಿಲ್ಲ. ಗಂಡ ಬರೆದುಕೊಟ್ಟ ಕಾಗದವನ್ನು ಕ್ಯಾಥರೀನ್ ಕಳೆದುಕೊಂಡಿದ್ದಳು. ಬಸುರಿಯಾಗಿದ್ದಾಗಲೇ ಲಂಡನ್ನಿನ ಟವರ್ ಸೆರೆಮನೆ ಸೇರಿದಳು, ಮದುವೆಯೇ ಅಲ್ಲವೆಂದು ತೀರ್ಪಾಯಿತು, 1568ರಲ್ಲಿ ಕಾವಲಿನಲ್ಲೇ ಸತ್ತಳು. ಒಂದು ಕಾಗದ, ಒಬ್ಬ ಸಾಕ್ಷಿ, ಎರಡೂ ಇಲ್ಲವಾದದ್ದಕ್ಕೆ ಒಂದು ಬಾಳು ಹೋಯಿತು. ಕಲ್ಪನೆಯಲ್ಲಿ ಇಷ್ಟು ಕ್ರೂರ ಕಥೆ ಕಟ್ಟಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಚಾರ್ಟ್ಲಿಯಲ್ಲೂ ನಿಜವಾದ ಪ್ರೇಮಗಳಿದ್ದವು. ಮೇರಿಯ ಕಾರ್ಯದರ್ಶಿ ಕ್ಲೋಡ್ ನೌ ಪತ್ರಗಳನ್ನು ಫ್ರೆಂಚಿನಲ್ಲಿ ಬರೆದುಕೊಳ್ಳುವವನು. ಅವನ ಮನಸ್ಸು ಮೇರಿಯ ಪರಿವಾರದಲ್ಲಿದ್ದ ಬೆಸ್ ಪಿಯರ್‌ಪಾಂಟ್ ಮೇಲಿತ್ತು, ಮೇರಿಗೆ ಅದು ಇಷ್ಟವಿರಲಿಲ್ಲ. ಇನ್ನೊಬ್ಬ ಕಾರ್ಯದರ್ಶಿ ಗಿಲ್ಬರ್ಟ್ ಕರ್ಲ್ ಅದೇ ಪರಿವಾರದ ಬಾರ್ಬರಾ ಮೌಬ್ರೆಯನ್ನು ಮದುವೆಯಾಗಿದ್ದ. ಕರ್ಲ್ ಸೆರೆಯಾಗಿ ಹೋದ ಮೇಲೆ ಅವಳಿಗೆ ಹೆರಿಗೆಯಾಯಿತು. ಪಾದ್ರಿಯಿಂದ ನಾಮಕರಣ ಮಾಡಿಸಲು ಪೌಲೆಟ್ ಒಪ್ಪಲಿಲ್ಲ, ಮೇರಿಯೇ ಮಗುವಿಗೆ ನೀರು ಚಿಮುಕಿಸಿ ತನ್ನ ಹೆಸರಿಟ್ಟಳು. ಆ ದೃಶ್ಯವನ್ನು ನನ್ನ ಹೊಲಿಗೆಯ ಹುಡುಗಿಯ ಕಣ್ಣಿನಿಂದ ಬರೆದೆ, ಅವಳ ಕೈಯಲ್ಲಿ ಮಗುವಿನ ಬಟ್ಟೆಯಿದೆ.

ಕಥೆಯ ಗಂಟು ಇರುವುದು ಜುಲೈ ತಿಂಗಳಲ್ಲಿ. 1586ರ ಜುಲೈ 6ರ ದಿನಾಂಕದ ಪತ್ರದಲ್ಲಿ ಆಂಥೊನಿ ಬ್ಯಾಬಿಂಗ್ಟನ್ ಎಂಬ ಯುವಕ ಮೇರಿಗೆ ತನ್ನ ಸಂಚನ್ನು ತಿಳಿಸಿದ: ಅವಳ ಬಿಡುಗಡೆ, ಆರು ಮಂದಿಯಿಂದ ಎಲಿಜಬೆತ್‌ಳ ಕೊಲೆ. 17ರಂದು ಮೇರಿ ಉತ್ತರಿಸಿದಳು. ಅವರ ಸಂಕೇತಲಿಪಿಯಲ್ಲಿ ಅಕ್ಷರಗಳಿಗೆ 23 ಗುರುತು, ಪದಗಳಿಗೆ ಬೇರೆ ಗುರುತು, ಓದುವವರನ್ನು ದಾರಿ ತಪ್ಪಿಸಲು ಅರ್ಥವೇ ಇಲ್ಲದ ನಾಲ್ಕು. ಫೆಲಿಪ್ಸ್‌ಗೆ ಅದೇನೂ ತಡೆಯಾಗಲಿಲ್ಲ. ಉತ್ತರ ಬಿಡಿಸಿ ನಕಲಿನ ಮೇಲೆ ನೇಣುಗಂಬದ ಚಿತ್ರ ಬರೆದ. ಆಮೇಲೆ ಮೇರಿಯ ಪತ್ರದ ಕೊನೆಗೆ, ಅವಳದೇ ಸಂಕೇತಲಿಪಿಯಲ್ಲಿ, ಆ ಆರು ಮಂದಿಯ ಹೆಸರು ತಿಳಿಸು ಎಂದು ಕೇಳುವ ಸಾಲುಗಳನ್ನು ಸೃಷ್ಟಿಸಿದರು. ಆ ಖೋಟಾ ಸಾಲುಗಳ ಕರಡು ಬ್ರಿಟನ್ನಿನ ರಾಜ್ಯಪತ್ರಗಳಲ್ಲಿ ಇಂದಿಗೂ ಉಳಿದಿದೆ. ನನ್ನ ಗುಮಾಸ್ತ ಆ ಕೋಣೆಯಲ್ಲಿದ್ದಾನೆ. ಕದ್ದು ಓದುವುದನ್ನು ಅವನು ಕರ್ತವ್ಯ ಎಂದುಕೊಂಡಿದ್ದ. ಬೇರೆಯವರ ಕೈಬರಹದಲ್ಲಿ ಬರೆಯುವುದನ್ನು ಹಾಗೆ ಅಂದುಕೊಳ್ಳಲು ಅವನಿಂದ ಆಗುವುದಿಲ್ಲ, ಏಕೆಂದರೆ ನಾಳೆ ಅವಳ ಪತ್ರಕ್ಕೂ ಯಾರಾದರೂ ಒಂದು ಸಾಲು ಸೇರಿಸಬಹುದು. ತನಗೆ ಬಂದ ಪ್ರೇಮದ ಮಾತು ಅವಳದೇ ಹೌದೇ ಎಂಬ ಅನುಮಾನ ಅವನಿಗೆ ಅಂಟುವುದು ಅಲ್ಲಿಂದ.

ಇತಿಹಾಸದವರನ್ನು ನಾನು ಖಳರನ್ನಾಗಿ ಮಾಡಲಿಲ್ಲ. ಪ್ಯಾರಿಸ್ಸಿನಲ್ಲಿ ಕ್ಯಾಥೊಲಿಕರು ಪ್ರಾಟೆಸ್ಟಂಟರನ್ನು ಕೊಂದ 1572ರ ಸಂತ ಬಾರ್ತೊಲೊಮ್ಯೂ ಹತ್ಯಾಕಾಂಡದ ದಿನಗಳಲ್ಲಿ ವಾಲ್ಸಿಂಗ್‌ಹ್ಯಾಮ್ ಅಲ್ಲೇ ರಾಯಭಾರಿಯಾಗಿದ್ದ. ಅದನ್ನು ಕಂಡವನ ಭಯ ಸುಳ್ಳಲ್ಲ. ಅವನ ಮನೆಯ ಕಥೆಯೂ ಇದೆ: ಮೇರಿಯ ವಿಚಾರಣೆ 1586ರ ಅಕ್ಟೋಬರ್ 14 ಮತ್ತು 15ರಂದು ಫಾದರಿಂಗೇ ಕೋಟೆಯಲ್ಲಿ ನಡೆಯಿತು, 17ರಂದು ಅವನ ಅಳಿಯ ಫಿಲಿಪ್ ಸಿಡ್ನಿ ಯುದ್ಧದ ಗಾಯದಿಂದ ಸತ್ತ. ಮಗಳು ಫ್ರಾನ್ಸಿಸ್ ಆಗ ಬಸುರಿ. ಫೆಲಿಪ್ಸ್ ಹೇಗಿದ್ದ ಎಂಬುದಕ್ಕೆ ಮೇರಿಯ ಮಾತೇ ಆಧಾರ. ಗಿಡ್ಡ, ತೆಳ್ಳಗಿನ ಮೈ, ಹಳದಿ ಗಡ್ಡ, ಸಿಡುಬಿನ ಕಲೆಯ ಮುಖ, ಹತ್ತಿರ ಹಿಡಿದರಷ್ಟೇ ಕಾಣುವ ಕಣ್ಣು. ಚಾರ್ಟ್ಲಿಯಲ್ಲಿ ಅವನನ್ನು ಕಂಡು ಅವಳು ಬರೆದ ವರ್ಣನೆ ಇದು. ತನ್ನ ಸಾವನ್ನು ಬರೆಯುತ್ತಿರುವವನು ಅವನೇ ಎಂದು ಅವಳಿಗೆ ಗೊತ್ತಿರಲಿಲ್ಲ.

ದಿನಾಂಕಗಳ ಬಗ್ಗೆ ಒಂದು ಮಾತು, ಇಂಥ ಕಥೆ ಬರೆಯುವವರಿಗೆ ಇದು ತುಂಬ ಬೇಕು. 1582ರಲ್ಲಿ ಪೋಪ್ ಪಂಚಾಂಗ ತಿದ್ದಿದಾಗ ಫ್ರಾನ್ಸ್ ಒಪ್ಪಿತು, ಇಂಗ್ಲೆಂಡ್ ಒಪ್ಪಲಿಲ್ಲ. ಪ್ಯಾರಿಸ್ ಹತ್ತು ದಿನ ಮುಂದೆ, ಲಂಡನ್ ಹತ್ತು ದಿನ ಹಿಂದೆ. ಪ್ಯಾರಿಸ್ಸಿನಲ್ಲಿ ಬರೆದ ಪತ್ರ ಲಂಡನ್ನಿಗೆ ಬಂದಾಗ ಅದರ ಮೇಲಿನ ದಿನಾಂಕ ಇನ್ನೂ ಬಂದಿರುವುದೇ ಇಲ್ಲ ಎಂಬಂತಾಗಬಹುದು. ನಾನು ಗೋಡೆಗೆ ಎರಡು ಕಾಲಮ್ಮಿನ ಕ್ಯಾಲೆಂಡರ್ ಅಂಟಿಸಿ, ಪ್ರತಿ ಪತ್ರ ಎಲ್ಲಿಂದ ಹೊರಟಿತು, ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತು ಎಂದು ಗುರುತು ಹಾಕಿಕೊಂಡೆ. ಕಾದಂಬರಿಯ ಒಂದು ತಿರುವು ಆ ಎರಡು ಕಾಲಮ್ಮಿನ ನಡುವಿನಿಂದಲೇ ಹುಟ್ಟಿತು.

ಸಂಭಾಷಣೆಯಲ್ಲಿ ‘ಮಹಾಪ್ರಭು’, ‘ಅಪ್ಪಣೆಯಾಗಲಿ’ ಎಂಬ ಕಂಪನಿ ನಾಟಕದ ಧಾಟಿಯನ್ನು ದೂರ ಇಟ್ಟೆ. ಆ ಧಾಟಿ ಬಂದರೆ ಗುಮಾಸ್ತನ ಕೋಣೆ ಕೂಡಲೇ ರಂಗಸಜ್ಜಿಕೆಯಾಗಿಬಿಡುತ್ತದೆ. ದುಡಿಯುವ ಜನ ಆಡುವ ಬಿಡಿಮಾತು ಸಾಕು.

ಕೊನೆಯ ಭಾಗದಲ್ಲಿ ಇತಿಹಾಸವೇ ನನಗೆ ಸಮಯ ಕೊಟ್ಟಿತು. 1586ರ ಆಗಸ್ಟ್ 11ರಂದು ಮೇರಿಯನ್ನು ಬೇಟೆಗೆಂದು ಕರೆದೊಯ್ದು ದಾರಿಯಲ್ಲೇ ಹಿಡಿದರು. ಎದುರು ಬಂದ ಸವಾರರನ್ನು ಕಂಡು ಬಿಡಿಸಲು ಬಂದವರೆಂದು ಅವಳು ಒಂದು ಗಳಿಗೆ ನಂಬಿದಳು ಎನ್ನುತ್ತಾರೆ. ಬ್ಯಾಬಿಂಗ್ಟನ್ ಮತ್ತು ಜೊತೆಯವರನ್ನು ಸೆಪ್ಟೆಂಬರ್ 20 ಮತ್ತು 21ರಂದು ಕೊಂದರು. ಅವರಲ್ಲೊಬ್ಬ, ಚಿಡಿಯಾಕ್ ಟಿಚ್‌ಬೋರ್ನ್, ಸಾಯುವ ಮುನ್ನ ಸೆರೆಯಿಂದ ಹೆಂಡತಿ ಆಗ್ನೆಸ್‌ಗೆ ಪತ್ರ ಬರೆದ. ಮೇರಿ ಸತ್ತ ಮೇಲೂ ಅವಳ ಪರಿವಾರವನ್ನು ಬಿಡಲಿಲ್ಲ, 1587ರ ಆಗಸ್ಟ್ ಮೊದಲಿಗೆ ಪೀಟರ್‌ಬರೋದಲ್ಲಿ ಅವಳ ಅಂತ್ಯಕ್ರಿಯೆ ಮುಗಿಯುವವರೆಗೂ ಕಾವಲಿನಲ್ಲಿಟ್ಟರು. ಹಾಗಾಗಿ ನನ್ನ ಇಬ್ಬರೂ ಅಲ್ಲಿಯತನಕ ಕಾಯಬೇಕಾಯಿತು. ಅವನು ಪೀಟರ್‌ಬರೋಗೆ ಹೋಗಿ, ನಿನ್ನ ಪತ್ರಗಳನ್ನೆಲ್ಲ ನಾನು ಓದಿದ್ದೇನೆ ಎಂದು ಅವಳ ಮುಖ ನೋಡಿ ಹೇಳುತ್ತಾನೆ. ಅವಳ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ಕಾದಂಬರಿ ಓದುವವರಿಗೆ ಬಿಟ್ಟಿದ್ದೇನೆ.

ಹುಡುಕಾಟದಲ್ಲಿ ನಮ್ಮ ನಾಡಿನ ಕಡೆಗೂ ಒಂದು ದಾರಿ ಸಿಕ್ಕಿತು. 1583ರಲ್ಲಿ, ಅಕ್ಬರನಿಗೆ ಎಲಿಜಬೆತ್‌ಳ ಪತ್ರ ಹಿಡಿದು ಲಂಡನ್ನಿನಿಂದ ಹೊರಟ ವ್ಯಾಪಾರಿಗಳಲ್ಲಿ ರಾಲ್ಫ್ ಫಿಚ್ ಒಬ್ಬ. ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಲ್ಲಿ ಪೋರ್ಚುಗೀಸರು ಇವರನ್ನು ಗೂಢಚಾರರೆಂದು ಹಿಡಿದು ಗೋವೆಯ ಸೆರೆಗೆ ತಂದರು. ಜಾಮೀನಿನ ಮೇಲೆ ಹೊರಬಂದ ಫಿಚ್ ಮತ್ತು ಜಾನ್ ನ್ಯೂಬೆರಿ, ಅಕ್ಕಸಾಲಿ ವಿಲಿಯಂ ಲೀಡ್ಸ್ ಜೊತೆಗೆ, 1584ರ ಏಪ್ರಿಲ್‌ನಲ್ಲಿ ಗೋವೆಯಿಂದ ತಪ್ಪಿಸಿಕೊಂಡು ಬೆಳಗಾವಿಯ ಮೇಲೆ ಬಿಜಾಪುರ ಸೇರಿದರು. ಬೆಳಗಾವಿಯ ಸಂತೆಯಲ್ಲಿ ವಜ್ರ, ಮಾಣಿಕ್ಯ, ನೀಲ ಮಾರುತ್ತಿದ್ದುದನ್ನು ಫಿಚ್ ಬರೆದಿದ್ದಾನೆ. ಬಿಜಾಪುರದಲ್ಲಿ ಆಗ ಬಾಲಕ ಇಮ್ಮಡಿ ಇಬ್ರಾಹಿಂ ಆದಿಲ್ ಶಾನ ಆಳ್ವಿಕೆ. ಈ ಕಾದಂಬರಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಈಗ ಅದರದೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ, ಮೊದಲು ಗೋವೆಯಿಂದ ಬೆಳಗಾವಿಗೆ ಅವರು ಘಟ್ಟ ಹತ್ತಿದ ದಾರಿ ಯಾವುದಿರಬಹುದು ಎಂಬಲ್ಲಿಂದ.